ನಾಲ್ಕು ವರ್ಷ, ಒಂಬತ್ತು ಸಾವಿರ ಗುಂಡು: ಸಿಜೆಡ್ 457 ಜೊತೆ ದೂರದ ಗುರಿ ಕಲಿತದ್ದು

2021ರ ಬೇಸಿಗೆಯಲ್ಲಿ ತಗೊಂಡ ಕೋವಿ ಇದು. ಸಿಜೆಡ್ 457 ವಾರ್ಮಿಂಟ್ ಎಂಟಿಆರ್, .22 ಎಲ್‌ಆರ್ ಅನ್ನುವ ಪುಟ್ಟ ಗುಂಡಿನದು, ಚೆಕ್ ದೇಶದ್ದು. ಹೊಡೆದ ಪ್ರತಿ ಗುಂಡಿನ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿದೆ, ಇವತ್ತಿಗೆ ಒಂಬತ್ತು ಸಾವಿರ ದಾಟಿದೆ. ನಾನಿರುವುದು ಕೊಲೊರಾಡೋದಲ್ಲಿ. ದೂರದ ಗುರಿ ಕಲಿಯಬೇಕು ಅಂತ ಹೊರಟವನು .22 ಹಿಡಿದುಕೊಂಡು ಬಂದಾಗ ಆಫೀಸಿನವರು ನಕ್ಕಿದ್ದರು. ಅದು ಮಕ್ಕಳಿಗೆ ಕೊಡೋದಲ್ವಾ, ಡಬ್ಬ ಹೊಡೆಯೋಕೆ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಊರು ಕೊಡಗು. ಮನೆಯಲ್ಲಿ ಕೋವಿ ಇರುವುದು ನಮಗೆ ದೊಡ್ಡ ವಿಷಯ ಅಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು, ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಎಣ್ಣೆ ಒರೆಸಿ, ತೋಕ್ ಪೂ, ಅಂದರೆ ಕೋವಿ ಹೂ, ಇಟ್ಟು ಪೂಜೆ. ಕೊಡವರಿಗೂ ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದೆ. ಆದರೆ ನಮ್ಮಲ್ಲಿ ಗುರಿ ಅಂದರೆ ಮರದ ಮೇಲಿನ ತೆಂಗಿನಕಾಯಿ. ಇನ್ನೂರು ಗಜ, ಸಾವಿರ ಗಜ ಅನ್ನುವ ಮಾತೇ ಇಲ್ಲ. ತೋಟದೊಳಗೆ ಅಷ್ಟು ದೂರ ಕಣ್ಣು ಹಾಯುವುದೂ ಇಲ್ಲ.

ಇಲ್ಲಿಗೆ ಬಂದು ಬಹಳ ವರ್ಷ ಸುಮ್ನೆ ಇದ್ದೆ. ಕಾರಣ ವೀಸಾ. ಎಚ್-1ಬಿ ತರಹದ ವೀಸಾದಲ್ಲಿ ಇರುವವರು ಕೋವಿ ಕೊಳ್ಳುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ, ಇದು ಇಡೀ ಅಮೆರಿಕಾಕ್ಕೆ ಅನ್ವಯಿಸುವ ಕಾನೂನು. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ನಿಜ, ಆದರೆ ಗ್ರೀನ್ ಕಾರ್ಡ್ ಲೈನಿನಲ್ಲಿ ನಿಂತವನು ಅಂಥ ಸಂದಿಯಲ್ಲಿ ಯಾಕೆ ತೂರಬೇಕು? ಕಾರ್ಡ್ ಕೈಗೆ ಬಂದ ಮೇಲೇ ಅಂಗಡಿಗೆ ಹೋಗಿ, ಕೋವಿ ಕೊಳ್ಳುವವರು ತುಂಬುವ ಫಾರಂ 4473 ತುಂಬಿದೆ.

ಮೊದಲು ಕಣ್ಣು ಬಿದ್ದದ್ದು 6.5 ಕ್ರೀಡ್‌ಮೋರ್ ಅನ್ನುವ, ದೂರಕ್ಕೆ ಹೊಡೆಯುವ ದೊಡ್ಡ ರೈಫಲ್ ಮೇಲೆ. ಎಲ್ಲರಿಗೂ ಬೀಳುವುದೇ ಅದರ ಮೇಲೆ. ರೇಂಜ್‌ನಲ್ಲಿ ಪರಿಚಯವಾದ ಒಬ್ಬ ಹಿರಿಯರು, ಎಪ್ಪತ್ತು ದಾಟಿದವರು, ಒಂದು ಲೆಕ್ಕ ಮುಂದಿಟ್ಟರು. ಅದರ ಒಳ್ಳೆ ತೋಟೆ ಒಂದಕ್ಕೆ ಒಂದೂವರೆ ಎರಡು ಡಾಲರ್. ಬ್ಯಾರೆಲ್ ಎರಡೂವರೆ ಮೂರು ಸಾವಿರ ಗುಂಡಿಗೆ ಸವೆಯುತ್ತದೆ. ಕಲಿಯೋಕೆ ಎಷ್ಟು ಗುಂಡು ಬೇಕು ಅಂದುಕೊಂಡಿದ್ದೀಯ ನೀನು? ನಾನು ಮಾತಾಡಲಿಲ್ಲ. .22 ಬ್ಯಾರೆಲ್ ಹತ್ತಾರು ಸಾವಿರ ಗುಂಡು ತಾಳುತ್ತದೆ, ಸಾಧಾರಣ ತೋಟೆ ಹತ್ತು ಹನ್ನೆರಡು ಸೆಂಟ್, ಮ್ಯಾಚ್ ತೋಟೆ ಅದರ ಎರಡು ಮೂರು ಪಟ್ಟು. ಈ ಕೋವಿ ಏಳೆಂಟು ನೂರು ಡಾಲರ್ ಆಸುಪಾಸು. ನಾನು ತಗೊಂಡಾಗ ತೋಟೆಗೇ ಬರ ಇತ್ತು, ಕೊರೋನಾ ಕಾಲದ ಅಭಾವ. ಅಂಗಡಿಯವರು ಒಬ್ಬರಿಗೆ ಎರಡೇ ಡಬ್ಬ ಅಂತ ಬೋರ್ಡ್ ಹಾಕಿದ್ದರು, ನಾನು ಹೆಂಡತಿಯನ್ನೂ ಕರೆದುಕೊಂಡು ಹೋಗಿ ನಾಲ್ಕು ತರುತ್ತಿದ್ದೆ.

ಈಗ ಕೋವಿಯ ವಿಷಯ. ದಪ್ಪ ಬ್ಯಾರೆಲ್, ಇಪ್ಪತ್ತೂವರೆ ಇಂಚು. ತೋಟೆ ಕೂರುವ ಚೇಂಬರ್ ಬಿಗಿ, ಅಂದರೆ ತೋಟೆ ಒಳಗೆ ಹೋದಾಗ ಗುಂಡಿನ ಮೂತಿ ಬ್ಯಾರೆಲ್ಲಿನ ಗೆರೆಗಳಿಗೆ ಆಗಲೇ ತಾಗಿರುತ್ತದೆ. ತೋಟೆಯನ್ನು ಒಳಗೆ ತಳ್ಳುವ ಬೋಲ್ಟ್ ಮುಚ್ಚುವಾಗ ಕೊನೆಯಲ್ಲಿ ಸ್ವಲ್ಪ ಒತ್ತಬೇಕು, ಮೊದಲ ದಿನ ಏನೋ ಸಿಕ್ಕಿಕೊಂಡಿದೆ ಅಂತ ಗಾಬರಿ ಆಗಿದ್ದೆ. ಬೋಲ್ಟ್ ಅರವತ್ತು ಡಿಗ್ರಿ ಎತ್ತಿದರೆ ಸಾಕು, ಹಾಗಾಗಿ ಮೇಲೆ ಕೂರಿಸಿದ ಸ್ಕೋಪ್‌ಗೆ (ಗುರಿ ನೋಡುವ ದುರ್ಬೀನು) ಕೈ ತಾಗುವುದಿಲ್ಲ. ಟ್ರಿಗರ್ ಬೇಕಾದಷ್ಟು ಹಗುರ ಮಾಡಿಕೊಳ್ಳಬಹುದು. ಜೊತೆಗೆ ಬರುವ ಮ್ಯಾಗಜಿನ್ ಐದು ಗುಂಡಿನದು, ಸ್ಪರ್ಧೆಗೆ ಹೋಗುವವರು ಹತ್ತರದ್ದು ಬೇರೆ ತಗೊಳ್ಳಬೇಕು. ನಾಲ್ಕು ವರ್ಷದಲ್ಲಿ ಏನೂ ಮುರಿದಿಲ್ಲ. ಚಳಿಗಾಲದಲ್ಲಿ ತೋಟೆಯ ಮೇಣ ಗಟ್ಟಿಯಾಗಿ ಬೋಲ್ಟ್ ಸ್ವಲ್ಪ ಬಿಗಿಯುತ್ತದೆ, ಅದು ಚಳಿಯ ತಪ್ಪು.

ನಿಜವಾದ ತಲೆನೋವು ಕೊಟ್ಟದ್ದು ಸ್ಕೋಪ್. ಕಂಪನಿ ಹೆಸರು ಬೇಡ. ಮೊದಲು ಹಾಕಿದ್ದು ಅಗ್ಗದ ಸ್ಕೋಪ್. ಆರು ಮಿಲ್ (ಸ್ಕೋಪ್ ತಿರುಗಿಸುವ ಕೋನದ ಅಳತೆ) ಮೇಲಕ್ಕೆ ತಿರುಗಿಸಿ ವಾಪಸ್ ಸೊನ್ನೆಗೆ ತಂದರೆ ಗುಂಡು ಮೊದಲಿನ ಜಾಗಕ್ಕೆ ಬೀಳುತ್ತಿರಲಿಲ್ಲ. ಎರಡು ತಿಂಗಳು ನನ್ನ ಕೈಯನ್ನೇ ಬೈದುಕೊಂಡೆ. ಉಸಿರು ಸರಿ ಇಲ್ಲ, ಟ್ರಿಗರ್ ಎಳೆದದ್ದು ಸರಿ ಇಲ್ಲ ಅಂತ. ಕೊನೆಗೆ ಒಂದು ಎತ್ತರದ ಕಾಗದಕ್ಕೆ ನೇರ ಗೆರೆ ಎಳೆದು, ಒಂದೊಂದೇ ಮಿಲ್ ಏರಿಸುತ್ತಾ ಹೊಡೆದು, ಟೇಪ್ ಹಿಡಿದು ಅಳೆದೆ. ಒಂದು ಮಿಲ್ ಅಂದರೆ ನೂರು ಗಜಕ್ಕೆ 3.6 ಇಂಚು ಬರಬೇಕು. ಇದು ಮನಸ್ಸು ಬಂದ ಹಾಗೆ ಹೋಗುತ್ತಿತ್ತು. ಕೋವಿಗಿಂತ ಸ್ಕೋಪ್‌ಗೆ ಜಾಸ್ತಿ ದುಡ್ಡು ಇಡಿ ಅಂತ ಎಲ್ಲರೂ ಹೇಳುತ್ತಾರೆ, ನಾನು ಕೇಳಲಿಲ್ಲ. ಇನ್ನೊಂದು ಮಾತು. .22ಗೆ ಹಾಕುವ ಸ್ಕೋಪ್‌ನ ಪ್ಯಾರಲಾಕ್ಸ್, ಅಂದರೆ ಗುರಿಯ ದೂರಕ್ಕೆ ಹೊಂದಿಸುವ ತಿರುಪು, 25 ಗಜದ ತನಕ ಇಳಿಯಬೇಕು, ದೊಡ್ಡ ರೈಫಲ್‌ಗೆ ಅಂತ ಮಾಡಿದ ಎಷ್ಟೋ ಸ್ಕೋಪ್ ಅಷ್ಟು ಹತ್ತಿರಕ್ಕೆ ಬರುವುದಿಲ್ಲ. ಸ್ಕೋಪ್ ಕೂರಿಸುವ ಬೇಸ್ ಕೂಡ 20 ಅಥವಾ 30 ಎಂಒಎ (ಇದೂ ಕೋನದ ಅಳತೆಯೇ) ಇಳಿಜಾರಿನದ್ದು ಬೇಕು, ಇಲ್ಲದಿದ್ದರೆ ದೂರಕ್ಕೆ ಹೋದಂತೆ ತಿರುಗಿಸೋಕೆ ಜಾಗ ಮುಗಿದು ಹೋಗುತ್ತದೆ.

ತೋಟೆ ಬಗ್ಗೆ ಬರೆದರೆ ಪುಟ ಮುಗಿಯುವುದಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ವೇಗದ ತೋಟೆ ಬೇಡ. ಅದು ಶಬ್ದದ ವೇಗ ಮೀರಿ ಹೊರಟು, ದಾರಿಯಲ್ಲಿ ಅದಕ್ಕಿಂತ ಕೆಳಗೆ ಇಳಿಯುವಾಗ ಅಲುಗಾಡುತ್ತದೆ. ಸೆಕೆಂಡಿಗೆ 1,070 ಅಡಿ ಆಸುಪಾಸಿನ ಸ್ಟಾಂಡರ್ಡ್ ವೆಲಾಸಿಟಿ ಸಾಕು. ಡಬ್ಬದ ಮೇಲಿನ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ನಂಬರ್, ನೋಡಿ. ಒಂದೇ ಕಂಪನಿ, ಒಂದೇ ಹೆಸರು, ಒಂದೇ ಬಣ್ಣದ ಡಬ್ಬ, ಒಂದು ಲಾಟ್ 50 ಗಜಕ್ಕೆ ಅರ್ಧ ಇಂಚಿನೊಳಗೆ ಐದು ಗುಂಡು ಇಟ್ಟರೆ ಇನ್ನೊಂದು ಲಾಟ್ ಒಂದು ಇಂಚು ಹರಡಿತು. ಊರಿನಲ್ಲಿ ಅಕ್ಕಿ ತರುವಾಗ ಅಮ್ಮ ಮೊದಲು ಒಂದು ಸೇರು ಬೇಯಿಸಿ ನೋಡಿ ಆಮೇಲೆ ಮೂಟೆ ತರಿಸುತ್ತಿದ್ದರಲ್ಲ, ಹಾಗೇ. ಒಂದು ಡಬ್ಬ ಹೊಡೆದು ನೋಡಿ, ಸರಿ ಬಂದರೆ ಅದೇ ಲಾಟಿನ ಐದು ಸಾವಿರ ತಗೊಂಡು ಒಳಗಿಡಿ. ತೋಟೆ ಬದಲಿಸಿದರೆ ಮೊದಲ ಹತ್ತು ಇಪ್ಪತ್ತು ಗುಂಡಿನ ಲೆಕ್ಕ ಹಿಡಿಯಬೇಡಿ, ಹೊಸ ಮೇಣ ಬ್ಯಾರೆಲ್ಲಿಗೆ ಕೂರಬೇಕು.

ಇನ್ನು ಗಾಳಿ. ನಾನು ಇದನ್ನೆಲ್ಲ ಬರೆಯುತ್ತಿರುವುದೇ ಗಾಳಿಯ ಸಲುವಾಗಿ.

50 ಗಜಕ್ಕೆ ಸೊನ್ನೆ ಮಾಡಿದ, ಅಂದರೆ ಆ ದೂರಕ್ಕೆ ಸರಿಯಾಗಿ ನಡುವಿಗೆ ಬೀಳುವಂತೆ ಸ್ಕೋಪ್ ಹೊಂದಿಸಿದ, .22 ಗುಂಡು 200 ಗಜಕ್ಕೆ ಹೋಗುವಷ್ಟರಲ್ಲಿ ನಾಲ್ಕು ಅಡಿಯಷ್ಟು ಕೆಳಗೆ ಬಿದ್ದಿರುತ್ತದೆ. ಆರು ಮಿಲ್ ಚಿಲ್ಲರೆ ಏರಿಸಬೇಕು, 300 ಗಜಕ್ಕೆ 13ರ ಹತ್ತಿರ. ಅದಕ್ಕೆ ಹೆದರಬೇಕಿಲ್ಲ, ಭೂಮಿ ಎಳೆಯುವುದು ದಿನಾ ಒಂದೇ ತರಹ, ಒಮ್ಮೆ ಬರೆದಿಟ್ಟುಕೊಂಡರೆ ಆಯಿತು. ಗಾಳಿ ಹಾಗಲ್ಲ. ಅಡ್ಡಕ್ಕೆ ಗಂಟೆಗೆ 10 ಮೈಲಿ ಗಾಳಿ ಬೀಸಿದರೆ 200 ಗಜದಲ್ಲಿ ಗುಂಡು ಒಂದಡಿಗೂ ಜಾಸ್ತಿ ಪಕ್ಕಕ್ಕೆ ಹೋಗುತ್ತದೆ, ಮಿಲ್ ಲೆಕ್ಕದಲ್ಲಿ ಎರಡರ ಆಸುಪಾಸು. ಮಜಾ ಏನಂದರೆ ಅದೇ ಗಾಳಿಗೆ 6.5 ಕ್ರೀಡ್‌ಮೋರ್ ಸಾವಿರ ಗಜದಲ್ಲಿ ಸರಿಯುವುದೂ ಹೆಚ್ಚುಕಡಿಮೆ ಎರಡೇ ಮಿಲ್. ಅಂದರೆ ಸಾವಿರ ಗಜದ ರೇಂಜ್ ಹುಡುಕಿಕೊಂಡು ಮೂರು ಗಂಟೆ ಕಾರು ಓಡಿಸುವ ಬದಲು, ಮನೆಯಿಂದ ಇಪ್ಪತ್ತು ನಿಮಿಷದ ರೇಂಜ್‌ನಲ್ಲಿ ಹನ್ನೆರಡು ಸೆಂಟಿನ ಗುಂಡಿಗೆ ಅದೇ ಪಾಠ.

ಪಾಠ ನಿಧಾನವಾಗಿ ತಲೆಗೆ ಹತ್ತಿತು. ಮೊದಲ ವರ್ಷ ಫೋನ್ ಆ್ಯಪ್, ಕೈಯಲ್ಲಿ ಹಿಡಿಯುವ ಗಾಳಿ ಮೀಟರ್, ಎರಡನ್ನೂ ನೋಡಿ ನೋಡಿಯೂ ಗುರಿ ತಪ್ಪುತ್ತಲೇ ಇದ್ದೆ. ಮೀಟರ್ ಹೇಳುವುದು ನಾನು ಕೂತ ಜಾಗದ ಗಾಳಿ. ನಮ್ಮ ರೇಂಜ್‌ನಲ್ಲಿ 120 ಗಜದ ಹತ್ತಿರ ಎಡಗಡೆ ಮಣ್ಣಿನ ದಿಬ್ಬ ಮುಗಿದು ಒಂದು ಸಂದು ಇದೆ, ಅಲ್ಲಿಂದ ಬರುವ ಗಾಳಿ ನನ್ನ ಕೆನ್ನೆಗೆ ಗೊತ್ತೇ ಆಗುವುದಿಲ್ಲ. ಹಿರಿಯರು ಒಂದು ಸೀರೆ ಅಂಚಿನಷ್ಟು ಅಗಲದ ರಿಬ್ಬನ್ ಕಡ್ಡಿಗೆ ಕಟ್ಟಿ 50, 100, 150 ಗಜಕ್ಕೆ ನೆಡು ಅಂದರು. ನೆಟ್ಟೆ. ಮೂರು ರಿಬ್ಬನ್ ಮೂರು ದಿಕ್ಕಿಗೆ! ಆ ದಿನ ಒಂದೂ ಗುಂಡು ಹೊಡೆಯದೆ ಅರ್ಧ ಗಂಟೆ ಸುಮ್ನೆ ನೋಡುತ್ತಾ ಮಲಗಿದ್ದೆ. ಹತ್ತಿರದ ಗಾಳಿಯ ಪ್ರಭಾವ ಜಾಸ್ತಿ ಅನ್ನುವುದು ಆಮೇಲೆ ಗೊತ್ತಾಯಿತು. ಗುಂಡು ಶುರುವಿನಲ್ಲೇ ಪಕ್ಕಕ್ಕೆ ತಿರುಗಿದರೆ ಉಳಿದ ದಾರಿ ಪೂರ್ತಿ ಆ ಕಡೆಗೇ ಹೋಗುತ್ತಿರುತ್ತದೆ.

ಆಮೇಲೆ ಬಿಸಿಲ್ಗುದುರೆ. ಸ್ಕೋಪ್‌ನಲ್ಲಿ ನೋಡಿದರೆ ಬಿಸಿಲಿಗೆ ನೆಲದ ಮೇಲಿನ ಗಾಳಿ ನೀರಿನ ಹಾಗೆ ಹರಿಯುವುದು ಕಾಣುತ್ತದಲ್ಲ, ಅದೇ. ಫೋಕಸ್ ಅನ್ನು ಗುರಿಗಿಂತ ಸ್ವಲ್ಪ ಈಚೆಗೆ ತಂದರೆ ಚೆನ್ನಾಗಿ ಕಾಣುತ್ತದೆ. ಕುದುರೆ ಯಾವ ಕಡೆ ಓಡುತ್ತಿದೆಯೋ ಗಾಳಿ ಆ ಕಡೆಗೆ. ನೆಟ್ಟಗೆ ಮೇಲಕ್ಕೆ ಕುದಿಯುತ್ತಿದ್ದರೆ ಗಾಳಿ ನಿಂತಿದೆ, ಅಥವಾ ಎದುರಿಂದಲೋ ಬೆನ್ನ ಕಡೆಯಿಂದಲೋ ಬರುತ್ತಿದೆ. ಓರೆ ಗಾಳಿಗೆ ಅರ್ಧ ಲೆಕ್ಕ ಹಿಡಿ ಅಂತ ತುಂಬಾ ಜನ ಹೇಳಿಕೊಡುತ್ತಾರೆ, ಅದು ತಪ್ಪು. 45 ಡಿಗ್ರಿ ಓರೆಗೆ ಪೂರ್ತಿ ಗಾಳಿಯ ಎಂಟು ಆಣೆ ಅಲ್ಲ, ಹನ್ನೊಂದು ಆಣೆ ಹಿಡಿಯಬೇಕು, ಅಂದರೆ 70 ಪರ್ಸೆಂಟ್. ಅರ್ಧ ಆಗುವುದು 30 ಡಿಗ್ರಿಗೆ. ಇದೊಂದನ್ನು ತಿದ್ದಿಕೊಂಡ ಮೇಲೆ ನನ್ನ ಎಷ್ಟೋ ತಪ್ಪು ಕಡಿಮೆ ಆಯಿತು.

.22 ಗುಂಡು ನಿಧಾನ. ಅದೇ ಅದರ ಗುಣ. 300 ಗಜಕ್ಕೆ ಹೋಗೋಕೆ ಸುಮಾರು ಒಂದು ಸೆಕೆಂಡು, ಕಬ್ಬಿಣದ ತಟ್ಟೆಗೆ ಬಡಿದ ಸದ್ದು ವಾಪಸ್ ಬರೋಕೆ ಇನ್ನು ಮುಕ್ಕಾಲು ಸೆಕೆಂಡು. ಬ್ಯಾರೆಲ್ ಒಳಗೂ ಅದು ದೊಡ್ಡ ರೈಫಲ್ಲಿನ ಗುಂಡಿಗಿಂತ ಜಾಸ್ತಿ ಹೊತ್ತು ಇರುತ್ತದೆ, ಅಷ್ಟರಲ್ಲಿ ನೀವು ತಲೆ ಎತ್ತಿದಿರೋ ಗುಂಡು ಎತ್ತಲೋ ಹೋಯಿತು. ನಾನು ತಲೆ ಎತ್ತುತ್ತಿದ್ದೆ, ತಾಗಿತಾ ಅಂತ ನೋಡುವ ಆಸೆಗೆ. ದೊಡ್ಡ ರೈಫಲ್ ಆಗಿದ್ದರೆ ಒದೆತದಲ್ಲಿ ಅದು ಮುಚ್ಚಿ ಹೋಗುತ್ತಿತ್ತು. ಇಲ್ಲಿ ಒದೆತವೇ ಇಲ್ಲ, ಮಾಡಿದ ತಪ್ಪು ಸ್ಕೋಪ್‌ನಲ್ಲಿ ನಿಮ್ಮ ಕಣ್ಣಿಗೇ ಕಾಣುತ್ತದೆ.

ಒಮ್ಮೆ ಸ್ಪರ್ಧೆಯಲ್ಲಿ ಸರಿಯಾಗಿ ಗಾಳಿ ಹಿಡಿದು, ಚಂದವಾಗಿ ಹೊಡೆದು, ಟಿಂಗ್ ಅಂತ ಕೇಳಿಸಿ ಖುಷಿಯಾದೆ. ತಟ್ಟೆ ಪಕ್ಕದವರದ್ದು. ಸೊನ್ನೆ ಅಂಕ. ಹಿರಿಯರು ನಗುತ್ತಾ ಹೇಳಿದ ಕಥೆ ಕೇಳಿ. ಕ್ರೀಡ್‌ಮೋರ್ ಅನ್ನುವುದು ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡಿನಲ್ಲಿ 1873ರಲ್ಲಿ ಶುರುವಾದ ರೇಂಜ್‌ನ ಹೆಸರು, 6.5 ತೋಟೆಗೆ ಆ ಹೆಸರು ಬಂದದ್ದು ಅದರ ನೆನಪಿಗೆ. 1874ರಲ್ಲಿ ಅಲ್ಲಿ ಅಮೆರಿಕಾಕ್ಕೂ ಐರ್ಲೆಂಡಿಗೂ ದೊಡ್ಡ ಪಂದ್ಯ. ಐರ್ಲೆಂಡಿನ ಮಿಲ್ನರ್ ಅನ್ನುವವರು ಗುರಿಯ ನಡುಮಧ್ಯಕ್ಕೇ ಹೊಡೆದರು, ಆದರೆ ಬೇರೆಯವರ ಗುರಿಗೆ. ಅಮೆರಿಕಾ 934, ಐರ್ಲೆಂಡ್ 931. ಮೂರೇ ಅಂಕದಲ್ಲಿ ಹೋಯಿತು ಪಂದ್ಯ. ನಿನ್ನದೇನು ದೊಡ್ಡದು ಬಿಡು ಅಂದರು.

ಎರಡು ವರ್ಷ ಆದ ಮೇಲೆ ಅವರೇ ನ್ಯೂ ಮೆಕ್ಸಿಕೋದ ರಟೋನ್ ಹತ್ತಿರದ ವಿಟಿಂಗ್ಟನ್ ಸೆಂಟರಿಗೆ ಕರೆದುಕೊಂಡು ಹೋದರು. ಅಲ್ಲಿ ಗುಡ್ಡದ ಮೇಲೆ ಬಿಳಿ ಬಣ್ಣದ ಕಬ್ಬಿಣದ ಕಾಡೆಮ್ಮೆ ನಿಲ್ಲಿಸಿದ್ದಾರೆ, 1,123 ಗಜ ದೂರದಲ್ಲಿ. ಅವರ 6.5 ನನ್ನ ಕೈಗೆ ಕೊಟ್ಟು, ಗಾಳಿ ನೀನೇ ಹೇಳು ಅಂದರು. ಒಂದೂವರೆ ಮಿಲ್ ಎಡಕ್ಕೆ ಅಂದೆ. ಮೊದಲನೆಯದು ಬಾಲದ ಹಿಂದೆ ಮಣ್ಣು ಹಾರಿಸಿತು. ಅರ್ಧ ಮಿಲ್ ತಿದ್ದಿ ಇನ್ನೊಂದು ಹೊಡೆದೆ. ನಾಲ್ಕೂವರೆ ಸೆಕೆಂಡು ಕಾಯಬೇಕು ಸದ್ದಿಗೆ, ಅಷ್ಟು ಹೊತ್ತು ಉಸಿರು ಬಿಟ್ಟಿರಲಿಲ್ಲ ನಾನು. ಬಂತು. ದೊಡ್ಡ ರೈಫಲ್ ತಗೊಳ್ಳುವ ಆಸೆ ಆ ದಿನ ಜೋರಾಗಬೇಕಿತ್ತು, ಯಾಕೋ ಕಡಿಮೆಯೇ ಆಯಿತು. ಗಾಳಿ ಅದೇ, ಲೆಕ್ಕ ಅದೇ, ಗುಂಡಿಗೆ ಮಾತ್ರ ಎರಡು ಡಾಲರ್.

ಜಂಬ ಬಂತಾ ಅಂದರೆ, ಬಂತು. ಇಳಿದದ್ದು 2023ರ ಸೆಪ್ಟೆಂಬರಿನಲ್ಲಿ, ಕೈಲ್‌ಪೊಳ್ದ್‌ಗೆ ಊರಿಗೆ ಹೋದಾಗ. ಮೈದಾನದಲ್ಲಿ ತೆಂಗಿನಕಾಯಿ ಸ್ಪರ್ಧೆ, ಮರದ ಮೇಲೆ ಕಟ್ಟಿದ ಕಾಯಿ, ನಿಂತು ಹೊಡೆಯಬೇಕು. ಅಮೆರಿಕಾದಲ್ಲಿ ಕಲಿತು ಬಂದಿದ್ದಾನೆ ಅಂತ ಚಿಕ್ಕಪ್ಪ ಊರೆಲ್ಲ ಹೇಳಿಟ್ಟಿದ್ದರು. ಮಲಗಿ, ಕೋವಿಯ ಮುಂದಿನ ಎರಡು ಕಾಲಿನ ಬೈಪಾಡ್ ಊರಿ, ಹಿಂದೆ ಮರಳಿನ ಚೀಲ ಇಟ್ಟು ಹೊಡೆದು ಅಭ್ಯಾಸ ಆದವನಿಗೆ ನಿಂತರೆ ಕೋವಿಯ ತುದಿ ಕೊಕ್ಕರೆ ಕತ್ತಿನ ಹಾಗೆ ಆಡುತ್ತದೆ. ಹೊಡೆದ ಎರಡು ಗುಂಡೂ ತಪ್ಪಿತು. ನನ್ನ ನಂತರ ಹೊಡೆಯೋಕೆ ಬಂದವಳು ಪಿಯುಸಿ ಓದುವ ತಂಗಿ, ಚಿಕ್ಕಪ್ಪನ ಮಗಳು. ಮೊದಲ ಗುಂಡಿಗೇ ಕಾಯಿ ಹೋಳು. "ಗಾಳಿ ಇತ್ತಾ ಅಣ್ಣಾ?" ಅಂತ ಕೇಳಿದಳು, ಮುಖದಲ್ಲಿ ನಗು ಇರಲಿಲ್ಲ, ಅದೇ ಜಾಸ್ತಿ ಉರಿಯಿತು.

ಹಾಗಾಗಿ ತಗೊಳ್ಳುವವರಿಗೆ ಒಂದು ಮಾತು. ಇದು ಮಲಗಿ ಹೊಡೆಯುವವರ ಕೋವಿ, ಸ್ಕೋಪ್ ಮತ್ತು ಬೈಪಾಡ್ ಸೇರಿದರೆ ಒಳ್ಳೆ ಭಾರ. ಗುಡ್ಡ ಹತ್ತಿ ತಿರುಗೋಕೆ, ಮೊಲದ ಬೇಟೆಗೆ ಬೇಕಾದರೆ ಇದೇ 457ರಲ್ಲಿ ತೆಳು ಬ್ಯಾರೆಲ್ಲಿನದು ನೋಡಿ. ಸ್ಪರ್ಧೆ ರುಚಿ ನೋಡಬೇಕಾದರೆ ಎನ್‌ಆರ್‌ಎಲ್22 ಅನ್ನುವ .22 ಕೋವಿಗಳ ಸ್ಪರ್ಧೆ ಇದೆ, ತಿಂಗಳಿಗೊಂದು, ಎಲ್ಲ ಗುರಿಯೂ ನೂರು ಗಜದ ಒಳಗೆ, ಹೊಸಬರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಐದರಲ್ಲಿ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಕಳೆದ ಅರ್ಧ ನನ್ನ ಭುಜದ ಲೆಕ್ಕ. ಈಗ ಪ್ರತಿ ಶನಿವಾರ ಮೊದಲ ಐವತ್ತು ಗುಂಡು ನಿಂತೇ ಹೊಡೆಯುತ್ತೇನೆ, 50 ಗಜದಲ್ಲಿ ಅಂಗೈ ಅಗಲದ ತಟ್ಟೆಗೆ. ಹೋದ ವಾರ ಐವತ್ತರಲ್ಲಿ ಇಪ್ಪತ್ತೆರಡು ತಾಗಿತು. ತಂಗಿಗೆ ಇನ್ನೂ ಹೇಳಿಲ್ಲ.