ನಿವೃತ್ತಿಯ ನಂತರದ ವೈದ್ಯಕೀಯ ಖರ್ಚನ್ನು ಅಂದಾಜು ಮಾಡುವ ಆ್ಯಪ್: 11 ವರ್ಷ ಬಳಸಿದವನ ವಿಮರ್ಶೆ

ನಿವೃತ್ತಿಯ ನಂತರ ಚಿಕಿತ್ಸೆಗೆ ಎಷ್ಟು ಹಣ ಬೇಕಾಗಬಹುದು ಎಂಬುದನ್ನು ಮುಂಚಿತವಾಗಿ ಲೆಕ್ಕ ಹಾಕಿಕೊಡುವ ಆ್ಯಪ್ ಒಂದಕ್ಕೆ ನಾನು ವಾರ್ಷಿಕ ಚಂದಾದಾರನಾದದ್ದು 53ನೆಯ ವಯಸ್ಸಿನಲ್ಲಿ, ಕೆಲಸದಿಂದ ನಿವೃತ್ತನಾಗಲು ಇನ್ನೂ 7 ವರ್ಷಗಳಿದ್ದಾಗ. ಈಗ ನನಗೆ 64 ವರ್ಷ. ಮೊದಲ 7 ವರ್ಷ ಅದು ಕೊಟ್ಟ ಅಂದಾಜನ್ನು ನಂಬಿ ಹಣ ಕೂಡಿಸಿದ್ದೇನೆ. ನಂತರದ 4 ವರ್ಷ ಅದೇ ಅಂದಾಜನ್ನು ಕೈಗೆ ಬಂದ ಬಿಲ್ಲುಗಳ ಪಕ್ಕದಲ್ಲಿಟ್ಟು ನೋಡಿದ್ದೇನೆ. ಇಂಥ ಸಾಧನಗಳು ಭರವಸೆ ಕೊಡುವುದು ಹತ್ತಿಪ್ಪತ್ತು ವರ್ಷಗಳ ಮುಂದಿನದಕ್ಕೆ. ಹಾಗಾಗಿ ಒಂದೆರಡು ವಾರ ಬಳಸಿ ಬರೆದ ಅಭಿಪ್ರಾಯದಿಂದ ಓದುಗರಿಗೆ ಹೆಚ್ಚು ಪ್ರಯೋಜನವಿಲ್ಲ ಎಂದು ನನಗೆ ಅನ್ನಿಸಿದೆ. ಕೆಲವು ಗಂಭೀರ ಕೊರತೆಗಳನ್ನು ಹೇಳಬೇಕಾಗಿರುವುದರಿಂದ ಆ್ಯಪಿನ ಹೆಸರನ್ನು ಬರೆಯುವುದಿಲ್ಲ. ಇದೇ ಬಗೆಯ ಬೇರೆ ಸಾಧನ ಬಳಸುವವರಿಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ.

ಆ್ಯಪ್ ಕೇಳುವ ವಿವರಗಳು ಕಷ್ಟದವಲ್ಲ. ಗಂಡ ಹೆಂಡತಿಯರ ವಯಸ್ಸು, ಈಗಾಗಲೇ ಇರುವ ಕಾಯಿಲೆಗಳು, ನಿತ್ಯ ತೆಗೆದುಕೊಳ್ಳುವ ಮಾತ್ರೆಗಳು, ಆರೋಗ್ಯ ವಿಮೆ ಎಷ್ಟರ ಮಟ್ಟಿಗೆ ಖರ್ಚು ಭರಿಸುತ್ತದೆ ಮತ್ತು ಎಷ್ಟನ್ನು ನಮ್ಮ ಕೈಯಿಂದಲೇ ಕೊಡಬೇಕು ಎಂಬುದನ್ನು ತುಂಬಿದರೆ ಅದು ಜೀವಮಾನದ ಒಟ್ಟು ಖರ್ಚಿನ ಒಂದು ದೊಡ್ಡ ಅಂಕಿಯನ್ನು ಪರದೆಯ ಮೇಲ್ಭಾಗದಲ್ಲಿ ತೋರಿಸುತ್ತದೆ. ಮೊದಲ ಎರಡು ವರ್ಷ ನಾನು ಆ ಅಂಕಿಯನ್ನೇ ನೋಡುತ್ತಾ ಕೂತು ಹೆದರಿದ್ದೆ. ಇಪ್ಪತ್ತೈದು ವರ್ಷಗಳಲ್ಲಿ ಚೂರುಚೂರಾಗಿ ಆಗುವ ಖರ್ಚನ್ನು ಒಂದೇ ಮೊತ್ತವಾಗಿ ತೋರಿಸಿದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ನಿಜವಾಗಿ ಉಪಯೋಗಕ್ಕೆ ಬಂದದ್ದು ಅದರ ಕೆಳಗೆ, ಎರಡು ಬಾರಿ ಒತ್ತಿದರೆ ಮಾತ್ರ ತೆರೆದುಕೊಳ್ಳುವ ವರ್ಷವಾರು ಪಟ್ಟಿ. ಯಾವ ವರ್ಷ ವಿಮೆಯ ಕಂತಿಗೆ ಎಷ್ಟು, ಔಷಧಿಗೆ ಎಷ್ಟು, ಪರೀಕ್ಷೆಗಳಿಗೆ ಎಷ್ಟು ಎಂಬುದು ಅಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. ಹೊಸದಾಗಿ ಬಳಸುವವರು ಮೊದಲು ಅಲ್ಲಿಗೇ ಹೋಗಬೇಕೆಂದು ನನ್ನ ಆಗ್ರಹ.

ಆರಂಭದ ಆವೃತ್ತಿಯಲ್ಲಿ ಎಲ್ಲ ಬಗೆಯ ಖರ್ಚಿಗೂ ಒಂದೇ ಬೆಲೆಯೇರಿಕೆಯ ದರವಿತ್ತು. ಇದು ಸಣ್ಣ ದೋಷವಲ್ಲ. ಇಂದು 100 ಇರುವ ಖರ್ಚು ವರ್ಷಕ್ಕೆ ಶೇ. 5ರಂತೆ ಏರಿದರೆ 20 ವರ್ಷಗಳಲ್ಲಿ 265 ಆಗುತ್ತದೆ, ಶೇ. 8ರಂತೆ ಏರಿದರೆ 466 ಆಗುತ್ತದೆ. ದರದಲ್ಲಿ ಮೂರೇ ಅಂಶಗಳ ವ್ಯತ್ಯಾಸ, ಆದರೆ ಕೊನೆಯ ಮೊತ್ತದಲ್ಲಿ ಮುಕ್ಕಾಲು ಪಾಲಿನಷ್ಟು ಅಂತರ. ವೈದ್ಯಕೀಯ ಸೇವೆಯ ಬೆಲೆ ಇತರ ಸರಕುಗಳಿಗಿಂತ ಬೇಗ ಏರುವುದಕ್ಕೆ ಒಂದು ಕಾರಣವನ್ನು ವಿಲಿಯಂ ಬೌಮಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು ರಂಗಕಲೆಗಳ ಖರ್ಚನ್ನು ಅಧ್ಯಯನ ಮಾಡುತ್ತಾ 1966ರಲ್ಲೇ ವಿವರಿಸಿದ್ದರು. ಕಾರ್ಖಾನೆಯಲ್ಲಿ ಯಂತ್ರ ಬಂದು ಒಂದು ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಇಳಿಯಬಹುದು, ಆದರೆ ದಾದಿಯೊಬ್ಬರು ರೋಗಿಯ ಬಳಿ ಕಳೆಯುವ ಗಂಟೆಯನ್ನು ಹಾಗೆ ಇಳಿಸಲು ಬರುವುದಿಲ್ಲ. ಬೇರೆ ಕೆಲಸಗಳಲ್ಲಿ ಸಂಬಳ ಏರಿದಂತೆ ಇಲ್ಲಿಯೂ ಏರಲೇಬೇಕು, ಆ ಭಾರ ಕೊನೆಗೆ ಬಿಲ್ಲಿನ ಮೇಲೆ ಬೀಳುತ್ತದೆ. ಈ ವಿಷಯವನ್ನು ವಿವರವಾಗಿ ಬರೆದು ಗ್ರಾಹಕ ಸೇವೆಗೆ ಎರಡು ಬಾರಿ ಪತ್ರ ಕಳುಹಿಸಿದೆ. ಎರಡನೆಯದಕ್ಕೆ ಉತ್ತರ ಬಂತು, ಮುಂದಿನ ವರ್ಷದ ಆವೃತ್ತಿಯಲ್ಲಿ ಔಷಧಿ, ಆಸ್ಪತ್ರೆ ಮತ್ತು ವಿಮಾ ಕಂತುಗಳಿಗೆ ಬೇರೆ ಬೇರೆ ದರ ಹಾಕುವ ಅವಕಾಶವೂ ಬಂತು. ವಿಮಾ ಕಂತು ಮಾತ್ರ ಈಗಲೂ ಸಮನಾಗಿ ಏರುತ್ತದೆಂದೇ ಆ್ಯಪ್ ಭಾವಿಸುತ್ತದೆ. ನನ್ನ ಪಾಲಿಸಿಯಲ್ಲಿ ವಯಸ್ಸಿನ ಒಂದು ಹಂತ ದಾಟಿದ ಕೂಡಲೇ ಅದು ಒಮ್ಮೆಗೇ ಜಿಗಿಯಿತು. ಪಾಲಿಸಿಯ ದರಪಟ್ಟಿಯನ್ನು ಎದುರಿಗಿಟ್ಟುಕೊಂಡು ಆ ಜಿಗಿತಗಳನ್ನು ಕೈಯಿಂದಲೇ ತುಂಬುವುದು ಒಳ್ಳೆಯದು.

ಇನ್ನು ಅಂದಾಜು ಎಷ್ಟರ ಮಟ್ಟಿಗೆ ನಿಜವಾಯಿತು ಎಂಬ ಮುಖ್ಯ ಪ್ರಶ್ನೆ. ನಿವೃತ್ತಿಯ ಮೊದಲ ವರ್ಷಕ್ಕೆ ಆ್ಯಪ್ ಹೇಳಿದ ಖರ್ಚನ್ನು 100 ಎಂದು ಇಟ್ಟುಕೊಂಡರೆ, ನಾಲ್ಕು ವರ್ಷಗಳಿಗೆ ಅದರ ಅಂದಾಜು ಕ್ರಮವಾಗಿ 100, 107, 114 ಮತ್ತು 122. ನನ್ನ ಲೆಕ್ಕದ ಪುಸ್ತಕದಲ್ಲಿರುವ ವಾಸ್ತವ ಖರ್ಚು 84, 93, 212 ಮತ್ತು 118. ಮೂರನೆಯ ವರ್ಷದ 212ರ ಹಿಂದೆ ಒಂದು ಬೆಳಗಿನ ಐದು ಗಂಟೆ ಇದೆ. ಬಚ್ಚಲುಮನೆಯ ಹೊಸ್ತಿಲಲ್ಲಿ ನನ್ನ ಪತ್ನಿ ಜಾರಿ ಬಿದ್ದು ಸೊಂಟದ ಬಳಿ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯ ಬಹುಪಾಲನ್ನು ವಿಮೆ ಕೊಟ್ಟಿತು, ನಮ್ಮ ಪಾಲಿಗೆ ಬಂದದ್ದು 38. ಆದರೆ ಮನೆಗೆ ಬಂದ ಮೇಲೆ 14 ವಾರ ಹಗಲಿಡೀ ಜೊತೆಗಿದ್ದು ಎಬ್ಬಿಸಿ, ಕೂರಿಸಿ, ಸ್ನಾನ ಮಾಡಿಸಲು ಒಬ್ಬ ಆರೈಕೆದಾರರು ಬೇಕಾದರು. ವಾಕರ್, ಎತ್ತರದ ಕಮೋಡು, ಮನೆಗೇ ಬರುವ ಫಿಸಿಯೋಥೆರಪಿಸ್ಟ್, ಎಲ್ಲವೂ ಸೇರಿ ಆರೈಕೆಗೆ ಆದ ಖರ್ಚು 79. ಅದರಲ್ಲಿ ವಿಮೆಯಿಂದ ಏನೂ ಬರಲಿಲ್ಲ.

ಎಂಟನೆಯ ವಾರವಿರಬೇಕು. ವಾಕರ್ ಹಿಡಿದು ಕೋಣೆಯಿಂದ ಬಾಗಿಲವರೆಗೆ ಬಂದು ನಿಂತವಳು, "ರೀ, ಇನ್ನು ಇವರನ್ನು ಬಿಡಿಸಿಬಿಡಿ, ನಾನು ಹೇಗೋ ನಿಭಾಯಿಸ್ತೀನಿ" ಎಂದಳು. ಅವಳ ಮೊಣಕೈ ನಡುಗುತ್ತಿತ್ತು. ಅವಳು ಗುಣಮುಖಳಾಗಿ ಹಾಗೆ ಹೇಳಿರಲಿಲ್ಲ, ತಿಂಗಳಿಗೆ ಎಷ್ಟು ಹೋಗುತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು. ಹಣವನ್ನು ಮೊದಲೇ ತೆಗೆದಿರಿಸದಿದ್ದರೆ ಕಾಯಿಲೆ ಬಿದ್ದವರೇ ತಮ್ಮ ಆರೈಕೆಯನ್ನು ಕಡಿತ ಮಾಡಿಕೊಳ್ಳಲು ಮುಂದಾಗುತ್ತಾರೆ ಎಂಬುದು ನನಗೆ ಅಂದು ಅರ್ಥವಾಯಿತು.

ನಾಲ್ಕು ವರ್ಷಗಳ ಒಟ್ಟು ಅಂದಾಜು 443, ಆದ ಖರ್ಚು 507. ಆರೈಕೆಯ 79ನ್ನು ಬಿಟ್ಟರೆ ಉಳಿಯುವುದು 428. ಅಂದರೆ ಚಿಕಿತ್ಸೆಯ ವಿಷಯದಲ್ಲಿ ಆ್ಯಪ್ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು, ಇದಕ್ಕಾಗಿ ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆರೈಕೆಗೆಂದು ಒಂದು ಸಾಲು ಕೂಡ ಅದರಲ್ಲಿಲ್ಲ. 65 ದಾಟಿದವರಲ್ಲಿ ಶೇ. 28ರಿಂದ 35ರಷ್ಟು ಮಂದಿ ಪ್ರತಿ ವರ್ಷ ಒಮ್ಮೆಯಾದರೂ ಬೀಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರ ತನ್ನ ವರದಿಯಲ್ಲಿ ಹೇಳಿತ್ತು. ಹಾಗಿರುವಾಗ ಇದನ್ನು ಅಪರೂಪದ ಅನಾಹುತವೆಂದು ಬದಿಗಿಡಲಾಗದು. ಚಿಕಿತ್ಸೆ ಮತ್ತು ಆರೈಕೆ ಬೇರೆ ಬೇರೆ ಎಂಬುದನ್ನು ಹಲವು ಸರ್ಕಾರಗಳೇ ಒಪ್ಪಿಕೊಂಡಿವೆ: ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ದೀರ್ಘಕಾಲೀನ ಆರೈಕೆಗೆಂದೇ ಪ್ರತ್ಯೇಕ ವಿಮೆಯನ್ನು ಜಾರಿಗೆ ತಂದವು. ಅಮೆರಿಕದಲ್ಲಿ 1965ರ ಕಾನೂನಿನಿಂದ ಬಂದ ಮೆಡಿಕೇರ್ ವಯಸ್ಸಾದವರ ಆಸ್ಪತ್ರೆಯ ಖರ್ಚನ್ನು ಭರಿಸುತ್ತದೆ, ಆದರೆ ಸ್ನಾನ ಊಟಗಳಿಗೆ ಬೇಕಾಗುವ ದೀರ್ಘಕಾಲದ ನೆರವನ್ನಷ್ಟೇ ಕೇಳಿದರೆ ಅದು ಕೊಡುವುದಿಲ್ಲ. ಅಳತೆಗೋಲು ಇಲ್ಲವೆಂಬ ನೆಪವೂ ಆ್ಯಪ್ ತಯಾರಿಸಿದವರಿಗೆ ಇಲ್ಲ. ಸಿಡ್ನಿ ಕಾಟ್ಜ್ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ಪ್ರಕಟಿಸಿದ ಸೂಚ್ಯಂಕ ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ ಎಂಬ ಆರು ಕೆಲಸಗಳಲ್ಲಿ ಎಷ್ಟಕ್ಕೆ ಇನ್ನೊಬ್ಬರ ನೆರವು ಬೇಕು ಎಂದು ನೋಡುತ್ತದೆ. ಇದನ್ನೇ ಆಧಾರವಾಗಿಟ್ಟುಕೊಂಡು ನೆರವಿನ ಗಂಟೆಗಳನ್ನು ಲೆಕ್ಕ ಹಾಕುವುದು ಅಸಾಧ್ಯವೇನಲ್ಲ. ಈ ಬಗ್ಗೆ ಬರೆದ ಪತ್ರಕ್ಕೆ ಮಾತ್ರ ಇಂದಿಗೂ ಉತ್ತರವಿಲ್ಲ.

ಇನ್ನೊಂದು ವಿಷಯವನ್ನು ನಾನು ತಡವಾಗಿ ಗಮನಿಸಿದೆ. ಆ್ಯಪ್ ತೋರಿಸುವುದು ಮಧ್ಯದ ಅಂದಾಜು. ಅಂದರೆ ಅದೇ ಸ್ಥಿತಿಯಲ್ಲಿರುವ ಅರ್ಧದಷ್ಟು ಜನರ ಖರ್ಚು ಅದಕ್ಕಿಂತ ಹೆಚ್ಚಾಗುತ್ತದೆ. ಆಯಸ್ಸಿನ ವಿಷಯದಲ್ಲಂತೂ ದಂಪತಿಗಳು ಇನ್ನಷ್ಟು ಎಚ್ಚರದಿಂದಿರಬೇಕು. ಇಬ್ಬರಿಗೂ 85 ದಾಟುವ ಸಾಧ್ಯತೆ ಪ್ರತ್ಯೇಕವಾಗಿ ಶೇ. 50 ಎಂದಿಟ್ಟುಕೊಂಡು, ಒಬ್ಬರ ಆಯಸ್ಸಿಗೂ ಇನ್ನೊಬ್ಬರ ಆಯಸ್ಸಿಗೂ ಸಂಬಂಧವಿಲ್ಲವೆಂದು ಭಾವಿಸಿದರೆ, ಇಬ್ಬರಲ್ಲಿ ಒಬ್ಬರಾದರೂ ದಾಟುವ ಸಾಧ್ಯತೆ ಶೇ. 75. ಹಿಂದೆ ಉಳಿಯುವ ಆ ಒಬ್ಬರಿಗೆ ಮನೆಯಲ್ಲೇ ಕೈಹಿಡಿದು ನಡೆಸುವವರು ಇರುವುದಿಲ್ಲ, ಆ ಕಾಲಕ್ಕೇ ಆರೈಕೆಯ ಖರ್ಚು ಅತಿ ಹೆಚ್ಚು. ಹೀಗಾಗಿ ಸೆಟ್ಟಿಂಗ್‌ನಲ್ಲಿ 85 ಎಂದಿದ್ದ ಕೊನೆಯ ವಯಸ್ಸನ್ನು ನಾನು ಇಬ್ಬರಿಗೂ 95ಕ್ಕೆ ಏರಿಸಿದ್ದೇನೆ.

ಹಣವನ್ನು ಎಲ್ಲಿಡಬೇಕೆಂದು ಆ್ಯಪ್ ಕೊಡುವ ಸಲಹೆ ಮಾತ್ರ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಪೂರ್ತಿ ಮೊತ್ತವನ್ನು ಷೇರುಗಳಲ್ಲಿ ಬೆಳೆಸುವ ಹಾಗೆ ಅದು ಲೆಕ್ಕ ಕಟ್ಟುತ್ತದೆ. ಮಾರುಕಟ್ಟೆ ಶೇ. 30 ಕುಸಿದರೆ ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಸುಮಾರು ಶೇ. 43 ಏರಬೇಕು, ಮುರಿದ ಮೂಳೆ ಅಷ್ಟು ದಿನ ಕಾಯುವುದಿಲ್ಲ. ಎರಡು ವರ್ಷದ ವೈದ್ಯಕೀಯ ಖರ್ಚನ್ನು ಕೂಡಲೇ ಕೈಗೆ ಸಿಗುವ ಠೇವಣಿಯಲ್ಲಿಟ್ಟಿದ್ದರಿಂದಲೇ ಆ ಮೂರನೆಯ ವರ್ಷ ನಾವು ಏನನ್ನೂ ನಷ್ಟಕ್ಕೆ ಮಾರಬೇಕಾಗಲಿಲ್ಲ.

ಹಲ್ಲು, ಕನ್ನಡಕ, ಕಿವಿಯ ಯಂತ್ರಗಳಿಗೆ ಸಾಲುಗಳಿವೆ, ಆದರೆ ಆರಂಭದಲ್ಲಿ ಅವು ಸೊನ್ನೆಯಲ್ಲಿರುತ್ತವೆ, ತುಂಬಲು ಮರೆಯಬಾರದು. ಹೆಸರು ಕೊಡದೆಯೂ ಖಾತೆ ತೆರೆಯಬಹುದು ಎಂಬುದು ಆರೋಗ್ಯದ ವಿವರ ಹಂಚಿಕೊಳ್ಳಲು ಹಿಂಜರಿಯುವವರಿಗೆ ನೆಮ್ಮದಿ. ಪರದೆಯ ಅಕ್ಷರಗಳು ತೀರ ಚಿಕ್ಕವು. ಯಾರಿಗಾಗಿ ಇದನ್ನು ಮಾಡಿದ್ದಾರೋ ಅವರ ಕಣ್ಣನ್ನೇ ಮರೆತಿರುವುದು ನನಗೆ ನಿಜಕ್ಕೂ ಬೇಸರ ತಂದಿದೆ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಆರೈಕೆಯ ಸಾಲು ಬಂದ ದಿನ ಇನ್ನೊಂದು ಅಂಕ ಸೇರಿಸಲು ಹಿಂದೆಮುಂದೆ ನೋಡುವುದಿಲ್ಲ. ಮುಂದಿನ ತಿಂಗಳು ಚಂದಾ ನವೀಕರಣ ಇದೆ, ಕಟ್ಟುತ್ತೇನೆ. ಅಷ್ಟರೊಳಗೆ ಪತ್ನಿಯ ಜೊತೆ ಕೂತು, ಆ 14 ವಾರಗಳ ಲೆಕ್ಕವನ್ನೇ ಅಳತೆಯಾಗಿಟ್ಟುಕೊಂಡು, ಇಬ್ಬರಿಗೂ ತಲಾ ಎರಡು ವರ್ಷದ ಆರೈಕೆಯ ಮೊತ್ತವನ್ನು 'ಇತರೆ' ಎಂಬ ಖಾಲಿ ಸಾಲಿನಲ್ಲಿ ತುಂಬಬೇಕು.