ಮೂರು ತಿಂಗಳ ಜರಡಿ: ಹೊಸ ಕಾಮಿಕ್ಸ್ ಆಯ್ಕೆಗೆ ಮಾರ್ವೆಲ್ ಅನ್‌ಲಿಮಿಟೆಡ್

ಅಮೆರಿಕದ ಕಾಮಿಕ್ಸ್ ಮಾರುಕಟ್ಟೆಯಲ್ಲಿ ಬುಧವಾರವೆಂದರೆ ಹೊಸ ಸಂಚಿಕೆಗಳ ದಿನ. ವಾರ ವಾರವೂ ಹತ್ತಾರು ಶೀರ್ಷಿಕೆಗಳು ಬಿಡುಗಡೆಯಾಗುತ್ತವೆ. ಹೊಸ ಓದುಗರನ್ನು ಸೆಳೆಯಲು ಹಳೆಯ ಸರಣಿಗೇ ಮತ್ತೆ ಒಂದರಿಂದ ಎಣಿಕೆ ಶುರುಮಾಡುವುದು ಪ್ರಕಾಶಕರ ರೂಢಿಯಾದ್ದರಿಂದ, ‘ಮೊದಲ ಸಂಚಿಕೆ’ ಎಂಬ ಹಣೆಪಟ್ಟಿ ಹೊತ್ತವುಗಳಿಗೂ ಕೊರತೆಯಿಲ್ಲ. 3.99 ಅಥವಾ 4.99 ಡಾಲರ್ ತೆತ್ತರೆ ಸಿಗುವುದು ಇಪ್ಪತ್ತು ಚಿಲ್ಲರೆ ಪುಟಗಳ ಕಥೆ, ಅಂದರೆ ಕಾಲು ಗಂಟೆಯ ಓದು. ಮುಖಪುಟ ನೋಡಿ ತೀರ್ಮಾನಿಸೋಣವೆಂದರೆ ಅದನ್ನು ಬರೆದ ಕಲಾವಿದರೇ ಬೇರೆ, ಒಳಪುಟಗಳನ್ನು ಬರೆದವರೇ ಬೇರೆ. ಒಂದೇ ಸಂಚಿಕೆಗೆ ನಾಲ್ಕೈದು ಬಗೆಯ ಮುಖಪುಟಗಳೂ ಇರುವುದುಂಟು. ಇಷ್ಟರ ನಡುವೆ ಓದಲು ಯೋಗ್ಯವಾದದ್ದನ್ನು ಆರಿಸಿಕೊಳ್ಳಲು, ಮಾರ್ವೆಲ್ ಪ್ರಕಾಶಕರ ಕಾಮಿಕ್ಸನ್ನು ಫೋನು, ಟ್ಯಾಬ್ಲೆಟ್‌ಗಳಲ್ಲಿ ಓದಿಸುವ ಮಾರ್ವೆಲ್ ಅನ್‌ಲಿಮಿಟೆಡ್ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬ ದೃಷ್ಟಿಯಿಂದಷ್ಟೇ ಈ ವಿಮರ್ಶೆ.

ಈ ಚಂದಾ ಸೇವೆ 2007ರಲ್ಲಿ ಆರಂಭವಾಯಿತು. ಈಗ ಅದರ ಸಂಗ್ರಹದಲ್ಲಿ 30,000ಕ್ಕೂ ಹೆಚ್ಚು ಸಂಚಿಕೆಗಳಿವೆ. ಆದರೆ ಹೊಸ ಸಂಚಿಕೆ ಅಂಗಡಿಗೆ ಬಂದ ದಿನವೇ ಇಲ್ಲಿ ಸಿಗುವುದಿಲ್ಲ. ಹಿಂದೆ ಆರು ತಿಂಗಳು ಕಾಯಬೇಕಿತ್ತು, ಈಗ ಸುಮಾರು ಮೂರು ತಿಂಗಳು ಕಾದರೆ ಸಾಕು. ಈ ವಿಳಂಬವನ್ನು ಸೇವೆಯ ದೊಡ್ಡ ಕೊರತೆಯೆಂದು ದೂರುವವರೇ ಹೆಚ್ಚು. ನನ್ನ ಮಟ್ಟಿಗೆ ಹೊಸ ಸರಣಿಗಳನ್ನು ಆಯ್ದುಕೊಳ್ಳುವವರಿಗೆ ಈ ಸೇವೆ ನೀಡುವ ಅತ್ಯುತ್ತಮ ಸೌಲಭ್ಯ ಅದೇ.

ಕಾರಣವಿಷ್ಟು. ಮೊದಲ ಸಂಚಿಕೆಯನ್ನು ನಂಬಿ ಸರಣಿಯ ಬೆಲೆ ಕಟ್ಟಲಾಗದು. ಅದಕ್ಕೆ ಪುಟಗಳನ್ನು ಹೆಚ್ಚಾಗಿ ಕೊಟ್ಟಿರುತ್ತಾರೆ, ಪ್ರಚಾರವನ್ನೂ ಅದಕ್ಕೇ ಸುರಿದಿರುತ್ತಾರೆ, ಚಿತ್ರಕಾರರಿಗೂ ಸಾಕಷ್ಟು ಸಮಯ ಸಿಕ್ಕಿರುತ್ತದೆ. ತಿಂಗಳಿಗೊಂದು ಸಂಚಿಕೆಯ ಒತ್ತಡ ನಿಜವಾಗಿ ಕಾಣತೊಡಗುವುದು ಮೂರನೆಯ ಸಂಚಿಕೆಯ ಹೊತ್ತಿಗೆ. ನಾನು ಆಗ ಮೊದಲು ನೋಡುವುದು ಹಿನ್ನೆಲೆಯನ್ನು. ಮೊದಲ ಸಂಚಿಕೆಯಲ್ಲಿ ಅಡುಗೆಮನೆಯ ಕಪಾಟು, ಕಿಟಕಿಯಾಚೆಯ ಬೀದಿ, ಗೋಡೆಯ ಮೇಲಿನ ಫೋಟೊಗಳನ್ನೂ ಬಿಡದೆ ಬರೆದಿದ್ದ ಕಲಾವಿದ, ಮೂರನೆಯದರಲ್ಲಿ ಬರಿಯ ಬಣ್ಣದ ಪರದೆಯ ಮುಂದೆ ಎರಡು ಮುಖಗಳನ್ನು ನಿಲ್ಲಿಸಿ ಪುಟ ತುಂಬಿಸಿದ್ದರೆ ಆ ಸರಣಿಯ ದಾರಿ ಅಲ್ಲಿಗೇ ತಿಳಿಯುತ್ತದೆ. ಎರಡನೆಯದಾಗಿ ನೋಡುವುದು ಮಾತಿನ ಗುಳ್ಳೆಗಳನ್ನು. ಚಿತ್ರವೇ ಹೇಳಿ ಮುಗಿಸಿದ್ದನ್ನು ಪಾತ್ರ ಮತ್ತೊಮ್ಮೆ ಬಾಯಿಬಿಟ್ಟು ಹೇಳುತ್ತಿದ್ದರೆ, ಬರಹಗಾರರಿಗೆ ತಮ್ಮ ಚಿತ್ರಕಾರರ ಮೇಲೆ ಭರವಸೆಯಿಲ್ಲ ಎಂದೇ ಅರ್ಥ. ಇನ್ನು ಮಧ್ಯದಲ್ಲೇ ಕಲಾವಿದರು ಬದಲಾಗಿದ್ದಾರೆಯೇ ಎಂಬುದು ಶೀರ್ಷಿಕೆ ಪುಟದಲ್ಲಿನ ಹೆಸರುಗಳಿಂದಲೇ ಗೊತ್ತಾಗುತ್ತದೆ.

ಹಾಗಾಗಿ ಒಂದು ಸರಣಿಯ ಮೂರನೆಯ ಸಂಚಿಕೆ ಸೇವೆಗೆ ಸೇರುವವರೆಗೂ ತಡೆದು, ಮೂರನ್ನೂ ಒಂದೇ ಸಲಕ್ಕೆ ಕೂತು ಓದುವುದು ಒಳ್ಳೆಯದು. ಅಷ್ಟರಲ್ಲಿ ಮುದ್ರಿತ ಸರಣಿ ಐದಾರು ಸಂಚಿಕೆ ದಾಟಿರುತ್ತದೆ. ಸಾಮಾನ್ಯವಾಗಿ ಅಷ್ಟೇ ಸಂಚಿಕೆಗಳನ್ನು ಸೇರಿಸಿ ಮೊದಲ ಸಂಪುಟವನ್ನು ಹೊರತರುತ್ತಾರೆ. ಆ ಸಂಪುಟವನ್ನು ಕೊಂಡು ಕಪಾಟಿನಲ್ಲಿ ಇಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಇದಕ್ಕಿಂತ ಖಚಿತವಾದ ಉತ್ತರ ಯಾವ ಜಾಹೀರಾತಿನಿಂದಲೂ ದೊರೆಯದು.

ಈ ಪರೀಕ್ಷೆಯಲ್ಲಿ ಗೆದ್ದದ್ದಕ್ಕೆ ಉದಾಹರಣೆಯಾಗಿ 2024ರ ಜನವರಿಯಲ್ಲಿ ಆರಂಭವಾದ ‘ಅಲ್ಟಿಮೇಟ್ ಸ್ಪೈಡರ್-ಮ್ಯಾನ್’ ಸರಣಿಯನ್ನು ಹೆಸರಿಸಬಹುದು. ಬರಹ ಜೊನಾಥನ್ ಹಿಕ್‌ಮನ್ ಅವರದು, ಚಿತ್ರ ಮಾರ್ಕೊ ಕೆಕೆಟೊ ಅವರದು. ಇಲ್ಲಿ ಪೀಟರ್ ಪಾರ್ಕರ್ ಹದಿಹರೆಯದ ಹುಡುಗನಲ್ಲ. ಗಡ್ಡ ಬಿಟ್ಟ, ಹೆಂಡತಿಯೂ ಇಬ್ಬರು ಮಕ್ಕಳೂ ಇರುವ ಗೃಹಸ್ಥ. ಜೇಡ ಕಚ್ಚುವುದಕ್ಕೇ ಮೊದಲ ಸಂಚಿಕೆಯ ಕೊನೆಯವರೆಗೆ ಕಾಯಬೇಕು. ಆ ಒಂದೇ ಸಂಚಿಕೆ ಓದಿದವರಿಗೆ ಇದು ಬರಿಯ ಗಿಮಿಕ್ಕೇ ಎಂಬ ಅನುಮಾನ ಬಂದಿದ್ದರೆ ಸಹಜವೇ. ಮುಂದಿನವನ್ನೂ ಕೂಡಿಸಿ ಓದಿದಾಗ, ಮನೆಯ ಮಾತುಕತೆಗೆ ಕೊಟ್ಟಷ್ಟೇ ಜಾಗವನ್ನು ಹೊಡೆದಾಟಕ್ಕೂ ಕೊಡುವ ಹದ ಉದ್ದೇಶಪೂರ್ವಕವಾದದ್ದೆಂದು ತಿಳಿಯುತ್ತದೆ.

ಬಳಕೆಯ ವಿಷಯಕ್ಕೆ ಬಂದರೆ, ಆ್ಯಪ್‌ನಲ್ಲಿ ಪಾತ್ರ ಮತ್ತು ಸರಣಿಗಳ ಜೊತೆಗೆ ಬರಹಗಾರರ, ಚಿತ್ರಕಾರರ ಹೆಸರು ಹಿಡಿದೂ ಹುಡುಕಬಹುದು. ಆಯ್ಕೆಗೆ ಇದು ಬಹುಮುಖ್ಯ, ಏಕೆಂದರೆ ಪಾತ್ರದ ಬೆನ್ನು ಹತ್ತಿದವರಿಗಿಂತ ಬರಹಗಾರರ ಬೆನ್ನು ಹತ್ತಿದವರಿಗೇ ನಿರಾಶೆ ಕಡಿಮೆ. ಫೋನಿನಲ್ಲಿ ಒಂದೊಂದೇ ಚೌಕಟ್ಟನ್ನು ಹಿಗ್ಗಿಸಿ ತೋರಿಸುವ ಅನುಕೂಲವಿದೆಯಾದರೂ, ಎಡಬಲ ಎರಡು ಪುಟಗಳಿಗೆ ಹರಡಿದ ಚಿತ್ರ ಬಂದಾಗ ಅದು ಉಪಯೋಗಕ್ಕೆ ಬಾರದು. ಫೋನನ್ನು ಅಡ್ಡ ಹಿಡಿದರೆ ಇಡೀ ಚಿತ್ರ ಕಾಣುತ್ತದೆ, ಅಕ್ಷರಗಳು ಮಾತ್ರ ಸಾಸಿವೆಯಷ್ಟಾಗುತ್ತವೆ. ಹಿಗ್ಗಿಸಿದರೆ ಮಾತು ಓದಲು ಸಿಗುತ್ತದೆ, ಪುಟದ ವಿನ್ಯಾಸ ಕೈಬಿಟ್ಟುಹೋಗುತ್ತದೆ. ವಿನ್ಯಾಸವನ್ನು ನೋಡದೆ ಕಾಮಿಕ್ಸಿನ ಗುಣ ಅಳೆಯಲಾಗದ್ದರಿಂದ ಟ್ಯಾಬ್ಲೆಟ್ ಇದ್ದವರಿಗಷ್ಟೇ ಈ ಸೇವೆಯನ್ನು ಪೂರ್ಣಮನಸ್ಸಿನಿಂದ ಶಿಫಾರಸು ಮಾಡುತ್ತೇನೆ. ಫೋನಿಗೆಂದೇ ಮೇಲಿನಿಂದ ಕೆಳಗೆ ಸರಿಸುತ್ತಾ ಓದುವಂತೆ ರೂಪಿಸಿದ ಕಥೆಗಳನ್ನು 2021ರಿಂದ ಸೇರಿಸಿದ್ದಾರೆ. ಕಾಲ ಕಳೆಯಲು ಅಡ್ಡಿಯಿಲ್ಲ.

ಹತ್ತಾರು ಸರಣಿಗಳನ್ನು ಒಂದೇ ಕಥೆಗೆ ಕಟ್ಟಿಹಾಕುವ ಮಹಾಕಥಾನಕಗಳ ಕಾಲದಲ್ಲಂತೂ ಈ ಚಂದಾ ತನ್ನ ಬೆಲೆ ತೋರಿಸುತ್ತದೆ, ಏಕೆಂದರೆ ಉಪಕಥೆಗಳನ್ನೆಲ್ಲ ಬಿಡಿಬಿಡಿಯಾಗಿ ಕೊಳ್ಳುವ ಗೋಜಿಲ್ಲ. ಹಾಗಿದ್ದೂ ಒಂದು ಸಂಚಿಕೆ ಅರ್ಥವಾಗಲು ಬೇರೆ ಮೂರನ್ನು ತೆರೆದಿಟ್ಟುಕೊಳ್ಳಬೇಕಾಗಿ ಬಂದರೆ, ಅದು ಪುಕ್ಕಟೆ ಸಿಕ್ಕರೂ ಓದಲು ಯೋಗ್ಯವಲ್ಲ.

ಮಿತಿಗಳಲ್ಲಿ ಎದ್ದು ಕಾಣುವುದು, ಇದು ಒಂದೇ ಪ್ರಕಾಶಕರ ಭಂಡಾರ ಎಂಬುದು. ಇನ್ನೊಬ್ಬ ದೊಡ್ಡ ಪ್ರಕಾಶಕರಾದ ಡಿಸಿಯವರದು ಬೇರೆಯೇ ಸೇವೆ. ಡಿಸಿ ಯೂನಿವರ್ಸ್ ಇನ್ಫಿನಿಟ್‌ನ ದುಬಾರಿ ಚಂದಾ ಪಡೆದವರಿಗೆ ಹೊಸ ಸಂಚಿಕೆಗಳು ಒಂದೇ ತಿಂಗಳಲ್ಲಿ ದೊರೆಯುತ್ತವೆ. ಅವಸರದವರಿಗೆ ಅದು ಹಿತವೆನಿಸಬಹುದು, ಆದರೆ ಒಂದು ತಿಂಗಳಲ್ಲಿ ಬಿಡುಗಡೆಯ ಗದ್ದಲವೇ ಇನ್ನೂ ಅಡಗಿರುವುದಿಲ್ಲ. ಇಮೇಜ್ ಕಾಮಿಕ್ಸ್ 1992ರಿಂದ ಹಕ್ಕುಗಳನ್ನು ಸೃಷ್ಟಿಕರ್ತರ ಬಳಿಯೇ ಉಳಿಸಿ ಪ್ರಕಟಿಸುತ್ತಾ ಬಂದಿರುವ ಕೃತಿಗಳು ಇವೆರಡರಲ್ಲೂ ಇಲ್ಲ. ಪರಿಚಿತ ನಾಯಕರ ಆಚೆಗಿನ ಹೊಸತನ್ನು ಹುಡುಕುವವರು ಹೋಗಬೇಕಾದದ್ದೇ ಅಲ್ಲಿಗೆ. ಚಂದಾ ನಿಂತೊಡನೆ ಓದೂ ನಿಲ್ಲುತ್ತದೆ ಎಂಬುದನ್ನೂ ನೆನಪಿಡಬೇಕು.

ಕಾಯುವ ಈ ವಿಧಾನಕ್ಕೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕಾಮಿಕ್ಸ್ ಅಂಗಡಿಯವರು ತರಿಸಿಕೊಂಡ ಪ್ರತಿಗಳನ್ನು ಸಾಮಾನ್ಯವಾಗಿ ಹಿಂದಿರುಗಿಸುವಂತಿಲ್ಲ. ಬಿಡುಗಡೆಗೆ ಕೆಲವು ವಾರ ಮುಂಚೆಯೇ ಅವರು ತಮ್ಮ ಬೇಡಿಕೆಯನ್ನು ಅಂತಿಮಗೊಳಿಸಬೇಕಾದ್ದರಿಂದ, ಮುಂಗಡವಾಗಿ ಯಾರೂ ಕೇಳದ ಶೀರ್ಷಿಕೆಯನ್ನು ಒಂದೆರಡು ಪ್ರತಿಗಿಂತ ಹೆಚ್ಚು ತರಿಸುವ ಧೈರ್ಯ ಮಾಡುವುದಿಲ್ಲ. ಸರಣಿಯ ಆಯಸ್ಸು ತೀರ್ಮಾನವಾಗುವುದು ಬಹುಪಾಲು ಈ ಬೇಡಿಕೆಗಳ ಮೇಲೆಯೇ. ಸ್ಪೈಡರ್-ಮ್ಯಾನ್, ಎಕ್ಸ್-ಮೆನ್‌ಗಳಿಗೆ ನಾನೊಬ್ಬ ಕಾದುದರಿಂದ ನಷ್ಟವೇನಿಲ್ಲ. ಎರಡನೆಯ ಸಾಲಿನ ಪಾತ್ರವೊಂದರ ಸರಣಿಯನ್ನು ಎಲ್ಲರೂ ಹೀಗೆ ಕಾಯುತ್ತಾ ಕೂತರೆ, ಮೂರನೆಯ ಸಂಚಿಕೆ ಸೇವೆಗೆ ಬರುವ ಹೊತ್ತಿಗೆ ಅದು ನಿಂತೇಹೋಗಿರಬಹುದು. ಆದ್ದರಿಂದ ದೊಡ್ಡ ಹೆಸರುಗಳಿಗೆಲ್ಲ ಮಾರ್ವೆಲ್ ಅನ್‌ಲಿಮಿಟೆಡ್ ಸಾಕು. ನೀವು ಈಗಾಗಲೇ ಮೆಚ್ಚಿರುವ ಬರಹಗಾರರೋ ಚಿತ್ರಕಾರರೋ ಚಿಕ್ಕ ಶೀರ್ಷಿಕೆಯೊಂದನ್ನು ಕೈಗೆತ್ತಿಕೊಂಡಿದ್ದರೆ ಮಾತ್ರ ಅದರ ಮೊದಲ ಮೂರು ಸಂಚಿಕೆಗಳಿಗೆ ಅಂಗಡಿಯಲ್ಲಿ ಮುಂಚಿತವಾಗಿ ಹೆಸರು ಬರೆಸಿ.