ಸ್ಮಾರ್ಟ್ ಬಲ್ಬ್, ಸ್ಮಾರ್ಟ್ ಪ್ಲಗ್, ಸ್ವಿಚ್ ಹಿಂದಿನ ರಿಲೇ: ಮೊದಲು ಯಾವುದು?

ಮಾತಿನಲ್ಲೇ ದೀಪ ಹಚ್ಚಬೇಕೆಂದು ಹೊರಟವರು ಮಾತು ಕೇಳುವ ಸ್ಪೀಕರುಗಳಲ್ಲಿ ಅಲೆಕ್ಸಾ ಮೇಲೋ ಗೂಗಲ್ ಮೇಲೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ದೀಪ ಹಚ್ಚುವ, ಆರಿಸುವ ಮಟ್ಟಿಗೆ ಎರಡರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ನಮಗೆ ಕಾಣಲಿಲ್ಲ. ನಿಜವಾದ ಆಯ್ಕೆ ಇರುವುದು ಸ್ಪೀಕರಿನ ಆಜ್ಞೆಯನ್ನು ಯಾವುದು ಪಾಲಿಸಬೇಕು ಎಂಬಲ್ಲಿ: ಬಲ್ಬೋ, ಪ್ಲಗ್ಗೋ, ಸ್ವಿಚ್ಚಿನ ಹಿಂದೆ ಕೂತು ದೀಪಕ್ಕೆ ಕರೆಂಟ್ ಬಿಡುವ, ತಡೆಯುವ ಪುಟ್ಟ ಸಾಧನವಾದ ರಿಲೇಯೋ?

ಬಲ್ಬ್ ಅತಿ ಸುಲಭ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದರಾಯಿತು. ಬಣ್ಣ, ಬೆಳಕಿನ ಪ್ರಮಾಣ ಎರಡೂ ಕೈಗೆ ಸಿಗುತ್ತವೆ. ಆದರೆ ಯಾರಾದರೂ ಗೋಡೆಯ ಸ್ವಿಚ್ ಆರಿಸಿದರೆ ಬಲ್ಬಿಗೆ ಕರೆಂಟೇ ಇರುವುದಿಲ್ಲ, ಎಷ್ಟು ಕೂಗಿದರೂ ಕೇಳಿಸದು. ಮಕ್ಕಳು, ಹಿರಿಯರು ಇರುವ ಮನೆಯಲ್ಲಿ ಇದು ದಿನವೂ ಆಗುತ್ತದೆ. ಇನ್ನೊಂದು ಕಾಟ: ರಾತ್ರಿ ಕರೆಂಟ್ ಹೋಗಿ ಬಂದಾಗ ಅನೇಕ ಬಲ್ಬುಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಆ್ಯಪಿನಲ್ಲಿ ಕರೆಂಟ್ ಮರಳಿದಾಗಿನ ಸ್ಥಿತಿಯ ಆಯ್ಕೆ ಇದ್ದರೆ ಅದನ್ನು 'ಹಿಂದಿನಂತೆ' ಎಂದು ಬದಲಿಸಿಕೊಳ್ಳಿ.

ಪ್ಲಗ್ ಟೇಬಲ್ ಲ್ಯಾಂಪ್, ಟೇಬಲ್ ಫ್ಯಾನಿಗೆ ಚೆನ್ನ. ಅದರ ಮೇಲಿರುವ ಆಂಪಿಯರ್ ನೋಡದೆ ಏನನ್ನೂ ಸಿಕ್ಕಿಸಬೇಡಿ. 230 ವೋಲ್ಟಿನಲ್ಲಿ 2000 ವಾಟ್ ಹೀಟರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಗಂಟೆಗಟ್ಟಲೆ ಓಡುವ ಇಂಥ ಭಾರಕ್ಕೆ 10 ಆಂಪಿಯರ್ ಪ್ಲಗ್ ಅಂಚಿನಲ್ಲಿರುತ್ತದೆ. 16 ಆಂಪಿಯರಿನದೇ ಬೇಕು.

ದೀಪಗಳ ಮಟ್ಟಿಗೆ ನಮ್ಮ ಮತ ರಿಲೇಗೆ. ಗೋಡೆಯ ಸ್ವಿಚ್ಚೂ ಕೆಲಸ ಮಾಡುತ್ತದೆ, ಮಾತೂ ಕೆಲಸ ಮಾಡುತ್ತದೆ. ಇಂಟರ್ನೆಟ್ ಇಲ್ಲದಾಗ ಸ್ಪೀಕರ್ ಕೈಕೊಟ್ಟರೂ ಸ್ವಿಚ್ ಇದ್ದೇ ಇರುತ್ತದೆ. ಕಷ್ಟ ಇರುವುದು ಜೋಡಣೆಯಲ್ಲಿ. ಹೆಚ್ಚಿನ ರಿಲೇಗಳಿಗೆ ನ್ಯೂಟ್ರಲ್ ತಂತಿ, ಅಂದರೆ ಕರೆಂಟ್ ಮರಳಿ ಹೋಗುವ ತಂತಿ, ಬೇಕು. ಸ್ವಿಚ್ ಪೆಟ್ಟಿಗೆಯೊಳಗೆ ಅದು ಇರುವುದೇ ಎಂದು ಕೊಳ್ಳುವ ಮೊದಲೇ ನೋಡಿಸಿ, ಪೆಟ್ಟಿಗೆಯ ಆಳವನ್ನೂ ಅಳೆಯಿರಿ. ನ್ಯೂಟ್ರಲ್ ಬೇಡದ ರಿಲೇ ದೀಪದ ಮೂಲಕವೇ ಸಣ್ಣ ಕರೆಂಟ್ ಹರಿಸಿಕೊಂಡು ಬದುಕುತ್ತದೆ. ಹಾಗಾಗಿ ಕಡಿಮೆ ವಾಟಿನ ಎಲ್‌ಇಡಿ ಆರಿಸಿದ ಮೇಲೂ ಮಿನುಗುತ್ತಿರಬಹುದು. ದೀಪಕ್ಕೆ ಅಡ್ಡಲಾಗಿ ತಯಾರಕರೇ ಕೊಡುವ ಬೈಪಾಸ್ ಎಂಬ ಸಣ್ಣ ಬಿಡಿಭಾಗ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಕೆಲವು ರಿಲೇಗಳಲ್ಲಿ ಸ್ವಿಚ್ಚಿನ ತಂತಿ ಸೇರಿಸುವ ಜಾಗಕ್ಕೆ ಫೇಸ್ (ಕರೆಂಟ್ ಬರುವ ತಂತಿ) ಕೊಡಬೇಕು, ಕೆಲವಕ್ಕೆ ಕೊಡಲೇಬಾರದು, ಕೊಟ್ಟರೆ ಸುಟ್ಟುಹೋಗುತ್ತದೆ. ಜೊತೆಗೆ ಬಂದ ಚಿತ್ರ ನೋಡಿಯೇ ಜೋಡಿಸಬೇಕು. ಮೇನ್ ಆರಿಸಿ, ಟೆಸ್ಟರಿನಿಂದ ಖಚಿತಪಡಿಸಿಕೊಂಡು, ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ.

ವೈಫೈ ಸಾಧನ ಯಾವುದೇ ಆಗಲಿ, ಮೊದಲ ಸಲ ಸೇರಿಸುವಾಗ ಮುಗ್ಗರಿಸುವ ಜಾಗ ಹೆಚ್ಚಾಗಿ ಒಂದೇ. ರೂಟರಿನ ಎರಡು ವೈಫೈ ಸಿಗ್ನಲ್‌ಗಳ ಪೈಕಿ ಇವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸಿನದನ್ನು ಮಾತ್ರ ಬಲ್ಲವು, ಫೋನ್ 5 ಗಿಗಾಹರ್ಟ್ಸಿನಲ್ಲಿರುತ್ತದೆ. ರೂಟರಿನಲ್ಲಿ ಎರಡಕ್ಕೂ ಬೇರೆ ಹೆಸರಿಟ್ಟು ಫೋನನ್ನು 2.4ಕ್ಕೆ ತನ್ನಿ. ಆಗಲೂ ಸೇರದಿದ್ದರೆ ರೂಟರಿನ ವೈಫೈ ಭದ್ರತೆಯ ಬಗೆ ಡಬ್ಲ್ಯೂಪಿಎ3 ಒಂದೇ ಆಗಿದೆಯೇ ನೋಡಿ, ಹಳೆಯದಾದ ಡಬ್ಲ್ಯೂಪಿಎ2 ಕೂಡ ಒಪ್ಪುವಂತೆ ಬದಲಿಸಿ.

ಸಾಧನಗಳು ಹೆಚ್ಚುವುದಾದರೆ ವೈಫೈ ಬದಲು ಜಿಗ್‌ಬೀ ಎಂಬ ಬೇರೆ ಬಗೆಯ ನಿಸ್ತಂತು ಸಂಪರ್ಕವನ್ನು ಯೋಚಿಸಿ. ಅದಕ್ಕೊಂದು ಹಬ್, ಅಂದರೆ ಎಲ್ಲ ಸಾಧನಗಳನ್ನು ಜೋಡಿಸುವ ಕೇಂದ್ರ ಪೆಟ್ಟಿಗೆ, ಬೇಕು, ಆದರೆ ಸದಾ ಕರೆಂಟಿನಲ್ಲಿರುವ ಜಿಗ್‌ಬೀ ಪ್ಲಗ್ಗು, ಬಲ್ಬುಗಳು ಸಾಮಾನ್ಯವಾಗಿ ಸಿಗ್ನಲನ್ನು ಮುಂದಿನ ಕೋಣೆಗೆ ದಾಟಿಸುತ್ತವೆ. ಗೋಡೆಯ ಸ್ವಿಚ್ಚಿನಲ್ಲಿ ಆರಿಸಿದ ಬಲ್ಬ್ ಈ ಸರಪಳಿಯನ್ನೂ ಕಡಿಯುತ್ತದೆ.

ಹೆಸರಿಡುವಾಗ 'ಲೈಟ್ 1', 'ಲೈಟ್ 2' ಬೇಡ. ಸ್ಪೀಕರ್ ಎರಡನ್ನೂ ಬೆರೆಸುತ್ತದೆ. 'ಬಾಲ್ಕನಿ', 'ಸ್ಟಡಿ ಲ್ಯಾಂಪ್' ಎಂದು ಉಚ್ಚಾರದಲ್ಲೇ ದೂರ ಇರುವ ಹೆಸರಿಡಿ, ಕೋಣೆಯ ಹೆಸರನ್ನೇ ದೀಪಕ್ಕೂ ಕೊಡಬೇಡಿ.